ಆ ಕಾಗದದ ಸುರುಳಿ ಫಕ್ಕೀರವ್ವನದು

ನಾನು ಸುಳ್ಳು ಹೇಳಿದ್ದೇನೆ. ಹದಿನೆಂಟು ವರ್ಷದ ಹಿಂದೆ, ಸವಣೂರಿನ ಒಂದು ಕಾಲೇಜಿನ ಸಭಾಂಗಣದಲ್ಲಿ, "ಇದನ್ನು ನಿನಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದಾಗ, "ಯಾರೂ ಇಲ್ಲ, ನಾನೇ ವಿಚಾರ ಮಾಡಿದೆ" ಎಂದೆ. ಹೇಳಿಕೊಟ್ಟವಳು ಅದೇ ಸಭಾಂಗಣದ ಬಾಗಿಲಲ್ಲಿ ಒದ್ದೆ ಅರಿವೆ ಹಿಡಿದು ನಿಂತಿದ್ದಳು. ಅವಳ ಹೆಸರು ಫಕ್ಕೀರವ್ವ. ನಾನು ಬಿ.ಎಸ್ಸಿ. ಓದಿದ ಹಿರೇಕೆರೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿನ ಅಟೆಂಡರ್. ನನ್ನ ಒಂದು ಮಾತಿಗೆ ಅವಳ ಲ್ಯಾಬು ಉಳಿಯುತ್ತಿತ್ತು. ಆ ಮಾತು ನಾನು ಆಡಲಿಲ್ಲ.

ಇಷ್ಟೇ ವಿಷಯ. ಇದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು.

ನನ್ನ ಬಗ್ಗೆಯೂ ಒಂದೆರಡು ಮಾತು ಹೇಳಬೇಕು, ಯಾಕೆಂದರೆ ಆ ಸುಳ್ಳು ಹುಟ್ಟಿದ್ದು ನನ್ನ ಹೆಮ್ಮೆಯಿಂದ. ನಾನು ರೇಣುಕಾ, ಮಾಸೂರಿನವಳು. ಅವ್ವ ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುತ್ತಿದ್ದಳು, ಕಳೆ ಕೀಳುತ್ತಿದ್ದಳು. ಅಪ್ಪ ಅದೇ ಗದ್ದೆಗಳ ಕಾಲುವೆಯ ಹೂಳು ತೆಗೆಯಲು ಹೋಗುತ್ತಿದ್ದ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಡಿಗ್ರಿ ಕಂಡವರಿಲ್ಲ. ಪಿಯುಸಿಯಲ್ಲಿ ವಿಜ್ಞಾನ ತಗೊಳ್ಳುತ್ತೇನೆ ಅಂದಾಗ ಓಣಿಯವರು, "ಆರ್ಟ್ಸ್ ತಗೊಳ್ಳವಾ, ಹಗುರ ಆಕ್ಕೈತಿ" ಅಂದಿದ್ದರು. ಆ 'ಹಗುರ' ಅನ್ನುವ ಮಾತು ನನ್ನ ಹೊಟ್ಟೆಯಲ್ಲಿ ಕುಂತುಬಿಟ್ಟಿತು. ಯಾರ ಕೈಯನ್ನೂ ಹಿಡಿಯದೆ ಮೇಲೆ ಹತ್ತಿದೆ ಅನ್ನಿಸಿಕೊಳ್ಳಬೇಕು — ನನಗೆ ಬೇಕಾಗಿದ್ದು ಅದು. ಈಗ ನಾನು ಹಾನಗಲ್ಲಿನಲ್ಲಿ ಉಪನ್ಯಾಸಕಿ. ಅನ್ನಿಸಿಕೊಂಡೂ ಆಯಿತು.

ಫಕ್ಕೀರವ್ವನ ಕಥೆ ನಳಿಗೆಯಿಂದ ಶುರುವಾಗುತ್ತದೆ.

ಬಿ.ಎಸ್ಸಿ. ಲ್ಯಾಬಿನಲ್ಲಿ ಒಂದು ಪ್ರಯೋಗ ಇರುತ್ತದೆ. ಎತ್ತರದಲ್ಲಿ ನೀರಿನ ಡಬ್ಬಿ, ಅದರಿಂದ ಅಡ್ಡವಾಗಿ ಹೊರಟ ಒಂದು ಸಣ್ಣ ಗಾಜಿನ ನಳಿಗೆ, ಅದರ ತುದಿಗೆ ಒಂದು ಬೀಕರ್. ಎಷ್ಟು ಹೊತ್ತಿನಲ್ಲಿ ಎಷ್ಟು ನೀರು ಬಿತ್ತು ಎಂದು ಅಳೆದು, ಸೂತ್ರಕ್ಕೆ ಹಾಕಿ, ನೀರಿನ ಸ್ನಿಗ್ಧತೆ ಕಂಡುಹಿಡಿಯಬೇಕು. ಸ್ನಿಗ್ಧತೆ ಅಂದರೆ ದೊಡ್ಡದೇನಲ್ಲ — ನೀರಿನ ಒಂದು ಪದರ ಪಕ್ಕದ ಪದರವನ್ನು ಎಷ್ಟು ಜಗ್ಗಿ ಹಿಡಿಯುತ್ತದೆ ಅನ್ನುವುದು. ಜೇನುತುಪ್ಪದಲ್ಲಿ ಜಾಸ್ತಿ, ನೀರಿನಲ್ಲಿ ಕಡಿಮೆ.

ನಾವು ಮಾಡುತ್ತಿದ್ದ ತಪ್ಪು ಬಸ್ಸಿನದು. ಮಾಸೂರಿನ ಕಡೆ ಹೋಗುವ ಬಸ್ಸು ನಾಲ್ಕೂವರೆಗೆ. ಪ್ರಾಕ್ಟಿಕಲ್ ಮುಗಿಯುವುದು ಐದಕ್ಕೆ. ಹನಿ ಹನಿಯಾಗಿ ಬೀಕರ್ ತುಂಬುವುದನ್ನು ಕಾಯುತ್ತಾ ಕುಂತರೆ ಬಸ್ಸು ಹೋಯಿತು. ಅದಕ್ಕೆ ಹಳ್ಳಿಯಿಂದ ಬರುವ ನಾವೆಲ್ಲ ಅಗಲ ಬಾಯಿಯ ನಳಿಗೆ ಹಾಕಿ, ಡಬ್ಬಿಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲೆ ಏರಿಸಿಬಿಡುತ್ತಿದ್ದೆವು. ನೀರು ಸುರ್ರನೆ ಬರುತ್ತಿತ್ತು, ಎರಡು ನಿಮಿಷದಲ್ಲಿ ಕೆಲಸ ಖಲಾಸ್. ಉತ್ತರ ಮಾತ್ರ ಪುಸ್ತಕದಲ್ಲಿದ್ದುದರ ದುಪ್ಪಟ್ಟು ಬರುತ್ತಿತ್ತು. ಆಗ ಸೀನಿಯರ್‌ಗಳ ಹಳೆಯ ರೆಕಾರ್ಡ್ ತೆಗೆದು, ಸರಿಯಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ, ಬೇಕಾದ ರೀಡಿಂಗ್ ಬರೆದುಕೊಳ್ಳುತ್ತಿದ್ದೆವು. ಎಲ್ಲರೂ ಹಾಗೇ ಮಾಡುತ್ತಿದ್ದರು. ಸರ್‌ಗಳಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಒಂದು ದಿನ ನಾನು ಹಾಗೆ ಡಬ್ಬಿ ಏರಿಸುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ಅದನ್ನು ಕೆಳಗಿಳಿಸಿತು.

"ಬಸ್ಸಿಗೆ ಅವಸರ ಐತಿ ನಿನಗ. ನೀರಿಗೆ ಇಲ್ಲ."

ನಲವತ್ತರ ಆಸುಪಾಸಿನ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿವಿಯ ಹಿಂದೆ ಪೆನ್ಸಿಲ್ ಇಟ್ಟುಕೊಂಡಿದ್ದಳು. ಅಲ್ಲಿಯವರೆಗೆ ನಾನು ಅವಳನ್ನು ಸ್ಟಾಪ್‌ವಾಚ್ ಕೊಡುವಾಕೆ, ಬೆಂಚು ಒರೆಸುವಾಕೆ ಎಂದಷ್ಟೇ ನೋಡಿದ್ದೆ. ಗಂಡ ಇದೇ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು, ತೀರಿಕೊಂಡ ಮೇಲೆ ಅವನ ಜಾಗಕ್ಕೆ ಇವಳನ್ನು ಹಂಗಾಮಿಯಾಗಿ ತಗೊಂಡಿದ್ದರು. ಓದಿದ್ದು ಏಳನೆತ್ತೆ, ಅಂದರೆ ಏಳನೆಯ ಕ್ಲಾಸಿನವರೆಗೆ.

"ಬಿರುಸಾಗಿ ಬಿಟ್ರ ಅದು ಗದ್ದಲದ ನೀರಾಕ್ಕೈತಿ, ತಂಗಿ. ಒಳಗ ಒಂದರ ಮ್ಯಾಲೊಂದು ಬೀಳತಾವು. ನಿನ್ನ ಸೂತ್ರ ಗದ್ದಲದ ನೀರಿಗಲ್ಲ. ಸಮಾಧಾನದ ನೀರಿಗಿ."

ಸಮಾಧಾನದ ನೀರು. ಪುಸ್ತಕದಲ್ಲಿ 'ಸ್ತರೀಯ ಪ್ರವಾಹ' ಎಂದಿತ್ತು. ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಬರೆದೂ ಇದ್ದೆ. ಅದು ಏನು ಅಂತ ಗೊತ್ತಾಗಿದ್ದು ಅವತ್ತು. ಸಣ್ಣ ನಳಿಗೆ ಹಾಕಿ, ಡಬ್ಬಿ ಕೆಳಗಿಟ್ಟು, ಹನಿ ಬೀಳುವುದನ್ನು ನೋಡುತ್ತಾ ಕುಂತೆ. ಬಸ್ಸು ಹೋಯಿತು. ಉತ್ತರ ಬಂತು — ನನ್ನ ಜೀವನದಲ್ಲಿ ಮೊದಲ ಸಲ, ಹಿಂದಕ್ಕೆ ಲೆಕ್ಕ ಮಾಡದೆ, ತಾನಾಗಿ ಬಂತು. ಫಕ್ಕೀರವ್ವ ರೆಕಾರ್ಡಿಗೆ ಇಣುಕಿ, "ಹಾಂ, ಈಗ ಇದು ನಿಂದು" ಅಂದಳು.

ಆಮೇಲೆ ನಾನು ಆರು ಗಂಟೆಯ ಬಸ್ಸಿನ ಹುಡುಗಿಯಾದೆ.

ಅವಳು ಏನೇನು ಕಂಡುಕೊಂಡಿದ್ದಳು ಎಂದು ಹೇಳಿದರೆ ನಂಬುವುದು ಕಷ್ಟ. ಕಪಾಟಿನಲ್ಲಿ ಎರಡು ನಳಿಗೆ ಇದ್ದವು, ಉದ್ದ ಒಂದೇ, ಒಂದರ ಬಾಯಿ ಇನ್ನೊಂದರ ಎರಡರಷ್ಟು. ರಜೆಯ ದಿನಗಳಲ್ಲಿ ಲ್ಯಾಬು ಒರೆಸಲು ಬಂದಾಗ, ಯಾರೂ ಹೇಳದೆ, ಅವಳು ಎರಡನ್ನೂ ಜೋಡಿಸಿ ಬೀಕರ್ ಎಣಿಸಿದ್ದಳು. "ಬಾಯಿ ಎರಡರಷ್ಟು ಅಗಲ ಐತಿ, ನೀರ ಎರಡರಷ್ಟು ಬರಬೇಕು ಅನ್ಕೊಂಡೆ. ಭಾಳಾದ್ರ ನಾಕು ಪಟ್ಟು. ಸಣ್ಣದರಾಗ ಒಂದು ಬೀಕರ್ ತುಂಬೋದ್ರಾಗ ದೊಡ್ಡದು ಹದಿನಾರು ತುಂಬಿ ಕುಂತಿತ್ತು! ನಳಿಗಿ ಒಡದಾವು ಅನ್ಕೊಂಡು ಅಂಜಿದ್ನೆವಾ ನಾನು." ಮತ್ತೆ ಮೂರು ಸಲ ಎಣಿಸಿದ್ದಳು. ಡಬ್ಬಿಯನ್ನು ಇನ್ನೂ ಕೆಳಗಿಳಿಸಿ, ಗದ್ದಲ ಇಲ್ಲದ ಹಾಗೆ ನೋಡಿಕೊಂಡು, ಎಣಿಸಿದ್ದಳು. ಹದಿನಾರೇ. ಎರಡನ್ನು ನಾಲ್ಕು ಸಲ ಗುಣಿಸಿದರೆ ಹದಿನಾರು — ಪುಸ್ತಕದ ಸೂತ್ರದಲ್ಲಿ ತ್ರಿಜ್ಯದ ತಲೆಯ ಮೇಲೆ ಕುಂತ ಆ ನಾಲ್ಕನ್ನು ಅವಳು ಬೀಕರಿನಿಂದ ಹೊರತೆಗೆದಿದ್ದಳು. ಏಳನೆತ್ತೆ ಓದಿದ ಹೆಂಗಸು. ನಾನು ಆ ನಾಲ್ಕನ್ನು ಮೂರು ಎಂದು ಬರೆದು ಅಂಕ ಕಳಕೊಂಡವಳು.

ಈಗ ಸವಣೂರಿಗೆ ಬರುತ್ತೇನೆ. ಸುತ್ತುಬಳಸಿ ಬರುತ್ತಿದ್ದೇನೆ ಅಂತ ನನಗೂ ಗೊತ್ತು.

ಕೊನೆಯ ವರ್ಷ ಅಲ್ಲಿ ಕಾಲೇಜುಗಳ ನಡುವೆ ವಿದ್ಯಾರ್ಥಿಗಳ ಸೆಮಿನಾರ್ ಇತ್ತು. ನನ್ನ ಹೆಸರು ಕೊಟ್ಟರು. ವಿಷಯ ನಾನೇ ಆರಿಸಿಕೊಂಡೆ: ನಳಿಗೆಯಲ್ಲಿ ಸಮಾಧಾನವಾಗಿ ಹರಿಯುವ ನೀರಿನ ಸಮೀಕರಣ, ಮೊದಲಿನಿಂದ ಕೊನೆಯವರೆಗೆ, ಪ್ರಯೋಗದ ಸಮೇತ. ಲ್ಯಾಬಿನ ಬೋರ್ಡಿನ ಮೇಲೆ ದಿನಾ ಅಭ್ಯಾಸ ಮಾಡುತ್ತಿದ್ದೆ. ನಮ್ಮ ಪಠ್ಯದಲ್ಲಿದ್ದ ದಾರಿ ಹೀಗೆ: ನಳಿಗೆಯೊಳಗಿನ ನೀರಿನಲ್ಲಿ ಒಂದು ತೆಳ್ಳನೆಯ ಉಂಗುರವನ್ನು ಕತ್ತರಿಸಿಕೊ. ಅದರ ಒಳಮೈಯನ್ನು ಒಳಗಿನ ನೀರು ಮುಂದಕ್ಕೆ ಎಳೆಯುತ್ತದೆ, ಹೊರಮೈಯನ್ನು ಹೊರಗಿನ ನೀರು ಹಿಂದಕ್ಕೆ ಜಗ್ಗುತ್ತದೆ, ಎರಡೂ ಬರೆ. ಎರಡು ಸಲ ಸಮಾಕಲನ ಮಾಡು. ಎರಡು ಸ್ಥಿರಾಂಕ ಬರುತ್ತವೆ. ಮೊದಲನೆಯದು ಸೊನ್ನೆ ಎಂದು ಹೇಳಿ ಬಿಟ್ಟುಬಿಡು.

ಅದೇ ಜಾಗದಲ್ಲಿ ದಿನಾ ನನ್ನ ದನಿ ಸಣ್ಣದಾಗುತ್ತಿತ್ತು. ಯಾಕೆ ಸೊನ್ನೆ? ಪುಸ್ತಕ ಹೇಳಿದೆ, ಅದಕ್ಕೆ. ಫಕ್ಕೀರವ್ವ ಹಿಂದೆ ಬೆಂಚು ಒರೆಸುತ್ತಾ ಕೇಳುತ್ತಿದ್ದಳು. ನಾಲ್ಕನೆಯ ದಿನ ಅರಿವೆ ಕೆಳಗಿಟ್ಟಳು.

"ಅಲ್ಲಿ ಬಂದಾಗೊಮ್ಮೆ ಯಾಕ ಗಂಟಲಾಗ ಮುಳ್ಳು ಸಿಕ್ಕಾಂಗ ಮಾಡ್ತಿ?"

ನನಗೆ ಗೊತ್ತಿಲ್ಲ ಅಂದೆ. ಅವಳು ಮೇಜಿನ ಮೇಲಿದ್ದ ಹಳೆಯ ಪೇಪರ್ ತಗೊಂಡಳು. ಒಂದು ಇಡೀ ಹಾಳೆಯನ್ನು ಬಿಗಿಯಾಗಿ ಸುರುಳಿ ಸುತ್ತಿದಳು. ಎಡಗೈ ಮುಷ್ಟಿಯಲ್ಲಿ ಸುರುಳಿಯ ಹೊರಮೈ ಗಟ್ಟಿ ಹಿಡಿದು, ಬಲಗೈಯ ಕಿರುಬೆರಳಿನಿಂದ ಒಂದು ತುದಿಯ ನಟ್ಟನಡುವಿಗೆ ಒತ್ತಿದಳು. ಇನ್ನೊಂದು ತುದಿಯಿಂದ ಸುರುಳಿಯ ಒಡಲು ನಾಲಿಗೆ ಚಾಚಿದಂತೆ ಹೊರಗೆ ಬಂತು. ನಡುವಿನ ಸುತ್ತು ಎಲ್ಲಕ್ಕಿಂತ ಮುಂದೆ, ಅದರ ಮೇಲಿನದು ಸ್ವಲ್ಪ ಹಿಂದೆ, ಅದರ ಮೇಲಿನದು ಇನ್ನೂ ಹಿಂದೆ, ಮುಷ್ಟಿಗೆ ಅಂಟಿದ್ದು ಅಲ್ಲೇ.

"ಮುಟ್ಟಿಗಿ ಅಂದ್ರ ಗಾಜು. ಗಾಜಿಗೆ ಹತ್ತಿದ ನೀರು ಅಲ್ಲಾಡಂಗಿಲ್ಲ. ಒಳಗಿಂದು ಓಡತೈತಿ, ಹೊರಗಿಂದು ಜಗ್ಗತೈತಿ. ಹೌದಿಲ್ಲೋ?"

"ಹೌದು."

"ಹಂಗಾರ ನಟ್ಟನಡುವ ಇರೋದನ್ನ ಒಳಗಿಂದ ಎಳಿಯೋರು ಯಾರದಾರ?"

ನಾನು ಸುರುಳಿಯ ತುದಿಯನ್ನು ನೋಡಿದೆ. ಯಾರೂ ಇಲ್ಲ. ನಡುವಿನದಕ್ಕೆ ಒಳಗೇ ಇಲ್ಲ.

"ಇಲ್ಲದವರ ಲೆಕ್ಕ ಯಾಕ ಬರಿತಿ ಮತ್ತ, ಬರದು ಯಾಕ ಅಳಸ್ತಿ? ಉಂಗುರ ಕತ್ತರಸಬ್ಯಾಡ. ನಡುವಿನಿಂದ ತುಂಬಾ ಹಿಡಿ, ಕೋಲಿನಂಗ. ತುದಿಗೆ ಒತ್ತೋದು ಒಂದು, ಮೈಗೆ ಜಗ್ಗೋದು ಒಂದು. ಮುಗೀತು."

ಅಷ್ಟು ಹೇಳಿ ಅರಿವೆ ತಗೊಂಡು ಬೆಂಚಿಗೆ ಹೋದಳು.

ನಾನು ಬೋರ್ಡು ಅಳಿಸಿದೆ. ಉಂಗುರದ ಬದಲು ಇಡೀ ಕೋಲು. ತುದಿಗೆ ಬೀಳುವ ಒತ್ತಡದ ಬಲ ಕೋಲಿನ ಅಡ್ಡಕೊಯ್ತದ ವಿಸ್ತೀರ್ಣದಷ್ಟು, ಅಂದರೆ ತ್ರಿಜ್ಯದ ವರ್ಗಕ್ಕೆ ತಕ್ಕಂತೆ. ಮೈಗೆ ಜಗ್ಗುವ ಬಲ ಸುತ್ತಳತೆಯಷ್ಟು, ಅಂದರೆ ಬರೀ ತ್ರಿಜ್ಯಕ್ಕೆ ತಕ್ಕಂತೆ. ಸಮಾಧಾನದ ನೀರಿನಲ್ಲಿ ಎರಡೂ ಸಮ. ಭಾಗಿಸಿದರೆ, ಜಗ್ಗಾಟ ನಡುವೆ ಸೊನ್ನೆಯಿಂದ ಶುರುವಾಗಿ ಗಾಜಿನ ಕಡೆ ಹೋದಂತೆ ಸಮನಾಗಿ ಏರುತ್ತದೆ. ಬಿಟ್ಟುಬಿಡಬೇಕಾದ ಸ್ಥಿರಾಂಕ ಹುಟ್ಟಲೇ ಇಲ್ಲ. ಒಂದೇ ಸಲ ಸಮಾಕಲನ, ಗಾಜಿನ ಹತ್ತಿರ ವೇಗ ಸೊನ್ನೆ ಎಂದರೆ ಮುಗಿಯಿತು — ನಡುವೆ ಉಬ್ಬಿ ಅಂಚಿಗೆ ಇಳಿಯುವ ಆ ಕಮಾನು ಬೋರ್ಡಿನ ಮೇಲೆ ತಾನಾಗಿ ಬಂದು ನಿಂತಿತು. ಅದನ್ನು ಇಡೀ ನಳಿಗೆಗೆ ಕೂಡಿಸಿದಾಗ ತ್ರಿಜ್ಯದ ತಲೆಯ ಮೇಲೆ ನಾಲ್ಕು. ಅವಳ ಹದಿನಾರು ಬೀಕರ್.

"ಅಕ್ಕಾ, ಬಂತು!" ಅಂದೆ. ಅವಳು ತಿರುಗಿ ನೋಡಿ, "ಬರದ ಎಲ್ಲಿಗೆ ಹೋಗತೈತಿ" ಅಂದಳು.

ಅಕ್ಷರಗಳು ನನ್ನವು, ವಿಚಾರ ಅವಳದು. ಸಮೀಕರಣ ಬರೆದದ್ದು ನಾನಲ್ಲವೇ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬರೆಯುವುದು ಕಷ್ಟದ ಕೆಲಸವೇ ಆಗಿರಲಿಲ್ಲ. ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಅನ್ನುವುದೇ ಅಲ್ಲಿ ಇಡೀ ಕೆಲಸ.

ಸೆಮಿನಾರಿಗೆ ಒಂದು ವಾರ ಇರುವಾಗ ಫಕ್ಕೀರವ್ವ ನಳಿಗೆ ತೊಳೆಯುತ್ತಾ ಒಂದು ಮಾತು ಹೇಳಿದ್ದಳು. ಲ್ಯಾಬಿಗೆ ಡಿಗ್ರಿ ಆದವರೊಬ್ಬರನ್ನು ತರುತ್ತಾರಂತೆ. ಆಡಳಿತ ಮಂಡಳಿಯದೇ ಹಾಸ್ಟೆಲ್ ಶಿಗ್ಗಾವಿಯಲ್ಲಿದೆ, ಇವಳನ್ನು ಅಲ್ಲಿಯ ಅಡುಗೆಮನೆಗೆ ಹಾಕುತ್ತಾರಂತೆ. "ರೊಟ್ಟಿ ಬಡಿಯಾಕ ಬರತೈತಿ ಬಿಡು ನನಗ. ಆದ್ರ ಈ ನಳಿಗಿ —" ಎಂದು ಗಾಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ನನಗೆ ಏನನ್ನೂ ಕೇಳಲಿಲ್ಲ. ಅಂದರೆ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದು ಅಂತ ಹೇಳಲು ನನಗೆ ಜಾಗವಿಲ್ಲ.

ಸವಣೂರಿಗೆ ಬಸ್ಸಿನಲ್ಲಿ ಹೋದೆವು. ಪ್ರಿನ್ಸಿಪಾಲರು ಮುಂದಿನ ಸೀಟಿನಲ್ಲಿ, ನಾನು ನಡುವೆ, ಹಿಂದೆ ಫಕ್ಕೀರವ್ವ — ಗಾಜಿನ ನಳಿಗೆಗಳನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ದಾರಿಯ ಒಂದೊಂದು ಗುಂಡಿಗೂ ಡ್ರೈವರನಿಗೆ ಕೇಳುವಂತೆ, "ಹಗೂರ ಹೊಡಿಯೋ ಯಪ್ಪಾ, ಬಾಣಂತಿ ಅದಾಳ" ಅನ್ನುತ್ತಿದ್ದಳು. ಬಸ್ಸಿನವರೆಲ್ಲ ಹಿಂದೆ ತಿರುಗಿ ಬಾಣಂತಿಯನ್ನು ಹುಡುಕುತ್ತಿದ್ದರು. ಒಂದೂ ನಳಿಗೆ ಒಡೆಯಲಿಲ್ಲ.

ಸಭಾಂಗಣದಲ್ಲಿ ಪ್ರಯೋಗ ಜೋಡಿಸಿದ್ದು ಅವಳೇ. ನಾನು ಮಾತಾಡಿದೆ. ಚೆನ್ನಾಗಿ ಮಾತಾಡಿದೆ — ಅದನ್ನೇಕೆ ಮುಚ್ಚಿಡಲಿ. ಪೇಪರಿನ ಸುರುಳಿ ಒತ್ತಿ ತೋರಿಸಿದಾಗ ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಕೋಲು ಹಿಡಿದೆ, ಕಮಾನು ತಂದೆ, ನಾಲ್ಕನ್ನು ತಂದೆ. ಎರಡು ನಳಿಗೆಯ ಕೆಳಗೆ ಹದಿನಾರು ಬೀಕರಿನ ಲೆಕ್ಕ ತೋರಿಸಿದೆ. ಚಪ್ಪಾಳೆ ಬಿತ್ತು.

ತೀರ್ಪು ಹೇಳಲು ಧಾರವಾಡದಿಂದ ಒಬ್ಬ ವಯಸ್ಸಾದ ಪ್ರೊಫೆಸರ್ ಬಂದಿದ್ದರು. ವೇದಿಕೆಗೆ ಬಂದು ನನ್ನ ಕೈಯಿಂದ ಸುರುಳಿ ಇಸಿದುಕೊಂಡು, ತಾವೂ ಒಂದು ಸಲ ಒತ್ತಿ ನೋಡಿದರು. ಮಕ್ಕಳಂತೆ ನಕ್ಕರು. ಆಮೇಲೆ ಹೇಳಿದರು, "ಇಡೀ ಕೋಲು ಹಿಡಿಯುವ ದಾರಿ ದೊಡ್ಡ ಪುಸ್ತಕಗಳಾಗ ಐತಿ. ನಿಮ್ಮ ಪಠ್ಯದಾಗ ಇಲ್ಲ. ಆದ್ರ ನಡುವಿನದನ್ನ ಎಳೆಯೋರು ಯಾರಿಲ್ಲ ಅಂತ ಹೇಳಿದಿ ನೋಡು, ಇಷ್ಟು ಸರಳ ನಾ ಎಲ್ಲೂ ಓದಿಲ್ಲ. ನಿನಗ ಇದನ್ನ ಯಾರು ಹೇಳಿಕೊಟ್ರು? ಹೇಳಿಕೊಟ್ಟವರು ಯಾರರ ಇದ್ರ ಹೇಳವಾ. ಅಂಥವರು ಲ್ಯಾಬಿನಾಗ ಇರಬೇಕು. ನಿಮ್ಮ ಆಡಳಿತ ಮಂಡಳಿಗೆ ನಾನ ಪತ್ರ ಬರಿತೇನಿ."

ನಮ್ಮ ಪ್ರಿನ್ಸಿಪಾಲರು ಮೊದಲ ಸಾಲಿನಲ್ಲೇ ಕುಂತಿದ್ದರು. ಫಕ್ಕೀರವ್ವ ಬಾಗಿಲಲ್ಲಿ. ಬೀಕರಿನಿಂದ ಚೆಲ್ಲಿದ ನೀರು ಒರೆಸಲು ಅರಿವೆ ಹಿಡಿದಿದ್ದಳು. ಅವಳ ಮುಖ ನನಗೆ ಕಾಣುತ್ತಿತ್ತು. ಅದರಲ್ಲಿ ಆಸೆ ಇತ್ತೋ ಇಲ್ಲವೋ — ಇತ್ತು. ಇತ್ತು ಅಂತಲೇ ಬರೆಯುತ್ತೇನೆ.

ನನ್ನ ತಲೆಯಲ್ಲಿ ಆಗ ಏನು ಓಡಿತು ಎಂದು ಎಷ್ಟೋ ಸಲ ಹುಡುಕಿದ್ದೇನೆ. ಕೂಲಿಯವರ ಮಗಳು, ಅಟೆಂಡರ್ ಹೇಳಿಕೊಟ್ಟದ್ದನ್ನು ಒಪ್ಪಿಸಿದಳು ಅನ್ನುತ್ತಾರೆ. ಹಗುರ. ಆ ಮಾತು ಮತ್ತೆ ಹೊಟ್ಟೆಯಿಂದ ಎದ್ದು ಬಂತು. ಒಬ್ಬ ಪ್ರೊಫೆಸರ್ ಹೇಳಿಕೊಟ್ಟಿದ್ದರೆ ಹೆಮ್ಮೆಯಿಂದ ಹೆಸರು ಹೇಳುತ್ತಿದ್ದೆನಲ್ಲ — ಅದೇ ನನ್ನ ಪಾಪದ ತಿರುಳು. ನೆಲ ಒರೆಸುವಾಕೆಯಿಂದ ಕಲಿತೆ ಅನ್ನಲು ನಾಚಿಕೆಯಾಯಿತು, ಗದ್ದೆಯ ಕೆಸರಿನಿಂದ ಎದ್ದು ಬಂದ ನನಗೆ.

"ಯಾರೂ ಇಲ್ರೀ ಸರ್. ನಾನ ವಿಚಾರ ಮಾಡಿದೆ."

ಪ್ರೊಫೆಸರ್ ತಲೆಯಾಡಿಸಿ, "ಶಾಭಾಸ್" ಅಂದರು. ಫಕ್ಕೀರವ್ವ ಬಗ್ಗಿ ನೀರು ಒರೆಸತೊಡಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಂತಳು. ಬಹುಮಾನದ ಕಪ್ಪು ನನ್ನ ತೊಡೆಯ ಮೇಲೆ, ನಳಿಗೆಗಳು ಅವಳ ತೊಡೆಯ ಮೇಲೆ. ಏನಾದರೂ ಅನ್ನುತ್ತಾಳೆ ಎಂದು ಕಾದೆ. ಬೈಯಲಿ, ಒಂದು ಮಾತು ಚುಚ್ಚಲಿ. ಬಂಕಾಪುರ ದಾಟಿದ ಮೇಲೆ ಅಂದಳು, "ಛಲೋ ಹೇಳಿದಿ. ಆದ್ರ ಸುರುಳಿ ಸಡಲ ಸುತ್ತಿದ್ದಿ. ಇನ್ನೊಂದೀಟು ಬಿಗಿ ಇದ್ರ ನಾಲಿಗಿ ನುಣ್ಣಗ ಬರತಿತ್ತು."

ಅಷ್ಟೇ. ಆ ಮೇಲಿನ ತಿಂಗಳು ಅವಳನ್ನು ಶಿಗ್ಗಾವಿಗೆ ಹಾಕಿದರು. ಹೋಗುವ ದಿನ ಲ್ಯಾಬಿನ ಕೀಲಿಕೈ ಟೇಬಲ್ಲಿನ ಮೇಲಿಟ್ಟು, ಎರಡು ನಳಿಗೆಗಳನ್ನು ತೊಳೆದು, ಬಾಯಿಗೆ ಹತ್ತಿ ಇಟ್ಟು ಹೋಗಿದ್ದಳು. ನಾನು ಅವತ್ತು ಕಾಲೇಜಿಗೆ ಹೋಗಲಿಲ್ಲ. ಜ್ವರ ಅಂದೆ. ಜ್ವರ ಇರಲಿಲ್ಲ.

ಆಮೇಲಿನದೆಲ್ಲ ಸುಲಭ. ಸುದ್ದಿ ಪೇಪರಿನಲ್ಲಿ ಬಂತು: ಕೂಲಿಕಾರರ ಮಗಳ ಸ್ವಂತ ವಿಚಾರ. ಅವ್ವ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದಳು. ಎಂ.ಎಸ್ಸಿ. ಆಯಿತು, ಕೆಲಸ ಆಯಿತು. ಕೆಲಸದ ಸಂದರ್ಶನದಲ್ಲೂ ಒಂದು ಹಾಳೆ ಕೇಳಿ ಸುರುಳಿ ಸುತ್ತಿದೆ. ಹಾನಗಲ್ಲಿನಲ್ಲಿ ಪ್ರತಿ ವರ್ಷ ಆ ಪಾಠ ಬಂದಾಗ ಮಾಡಿ ತೋರಿಸುತ್ತೇನೆ. ಹುಡುಗರು ಅದಕ್ಕೆ 'ರೇಣುಕಾ ಮೇಡಮ್ ಸುರುಳಿ' ಎಂದು ಹೆಸರಿಟ್ಟಿದ್ದಾರೆ. ನಾನು ಇಡಬೇಡಿ ಅನ್ನಲಿಲ್ಲ.

ಶಿಗ್ಗಾವಿ ಹಾನಗಲ್ಲಿನಿಂದ ದೂರವೇನಲ್ಲ. ಗೊಟಗೋಡಿಯ ಶಿಲ್ಪವನಕ್ಕೆ ವಿದ್ಯಾರ್ಥಿಗಳ ಪ್ರವಾಸ ಕರಕೊಂಡು ಹೋದಾಗ ಮೂರು ಸಲ ಆ ದಾರಿಯಲ್ಲೇ ಹೋಗಿದ್ದೇನೆ. ಮೂರೂ ಸಲ ಹಾಸ್ಟೆಲ್ಲಿನ ಬೋರ್ಡು ಬಂದಾಗ ಇನ್ನೊಂದು ಕಿಟಕಿ ನೋಡಿದ್ದೇನೆ.

ಈ ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ನನ್ನನ್ನು ಶಿಗ್ಗಾವಿಯ ಒಂದು ಕಾಲೇಜಿಗೆ ಹೊರಗಿನ ಪರೀಕ್ಷಕಿ ಎಂದು ಹಾಕಿದರು. ತೆಳ್ಳಗಿನ ಒಬ್ಬ ಹುಡುಗಿಗೆ ನಳಿಗೆಯ ಪ್ರಯೋಗ ಬಂದಿತ್ತು. ಡಬ್ಬಿ ತೀರ ಕೆಳಗಿಟ್ಟು, ಗಲ್ಲಕ್ಕೆ ಕೈ ಕೊಟ್ಟು, ಅವಸರ ಇಲ್ಲದೆ ಹನಿ ನೋಡುತ್ತಾ ಕುಂತಿದ್ದಳು. ಅದನ್ನು ನೋಡಿಯೇ ನನಗೆ ಗೊತ್ತಾಗಬೇಕಿತ್ತು. ವೈವಾದಲ್ಲಿ ಕೇಳಿದೆ, ನಳಿಗೆಯೊಳಗೆ ನೀರು ಎಲ್ಲ ಕಡೆ ಒಂದೇ ವೇಗದಲ್ಲಿ ಹೋಗುತ್ತದೆಯೇ?

ಅವಳು ರಫ್ ಹಾಳೆಯನ್ನು ತಗೊಂಡಳು. ಸುತ್ತಿದಳು. ಬಿಗಿಯಾಗಿ, ನಾನೆಂದೂ ಸುತ್ತದಷ್ಟು ಬಿಗಿಯಾಗಿ. ಕಿರುಬೆರಳಿನಿಂದ ಒತ್ತಿದಳು. ನಾಲಿಗೆ ನುಣ್ಣಗೆ ಬಂತು.

ನನ್ನ ಬಾಯಿಂದ ಆ ಪ್ರಶ್ನೆ ಬಂದೇಬಿಟ್ಟಿತು — ಅದೇ ಪ್ರಶ್ನೆ, ಹದಿನೆಂಟು ವರ್ಷದ್ದು. "ಇದನ್ನ ಯಾರು ಹೇಳಿಕೊಟ್ರು?"

"ನಮ್ಮ ಹಾಸ್ಟೆಲ್ಲಿನಾಗ ರೊಟ್ಟಿ ಮಾಡ್ತಾರಲ್ರಿ, ಫಕ್ಕೀರಜ್ಜಿ, ಅವರು ಹೇಳಿಕೊಟ್ಟಾರ್ರಿ ಮೇಡಮ್."

ಒಂದು ಉಸಿರು ಕೂಡ ತಗೊಳ್ಳಲಿಲ್ಲ ಆ ಹುಡುಗಿ. ಎಡವಲಿಲ್ಲ, ಆಚೀಚೆ ನೋಡಲಿಲ್ಲ. ಅಂಕ ಹೋಗುತ್ತದೋ ಬರುತ್ತದೋ ಎಂದು ಯೋಚಿಸಲಿಲ್ಲ. ರೊಟ್ಟಿ ಮಾಡುವ ಅಜ್ಜಿ ಭೌತಶಾಸ್ತ್ರ ಹೇಳಿಕೊಟ್ಟಳು ಅನ್ನುವುದು ಅವಳಿಗೆ ದಿನದ ಮಾತು. ನನ್ನ ಮುಖ ಹೇಗಾಗಿತ್ತೋ, ಅವಳೇ ಮುಂದುವರಿಸಿದಳು: "ಅಜ್ಜಿ ಹೇಳತಾರ್ರಿ, ಮಾಸೂರಿನ ಒಬ್ಬಾಕಿ ಇದನ್ನ ದೊಡ್ಡ ಮಂದಿ ಮುಂದ ಹೇಳಿ ಗೆದ್ದಾಳಂತ. ಈಗ ದೊಡ್ಡ ಕೆಲಸದಾಗ ಅದಾಳಂತ. ಅಕಿ ನನ್ನ ಹುಡುಗಿ ಅಂತಾರ್ರಿ. ನಿನಗ ಯಾಕ ಆಗಂಗಿಲ್ಲ ಅಂತ ನನಗ ಬೈತಾರ್ರಿ."

ನಾನು ಪೂರ್ತಿ ಅಂಕ ಹಾಕಿದೆ.

ಸಂಜೆ ಹಾಸ್ಟೆಲ್ಲಿನವರೆಗೆ ನಡೆದು ಹೋದೆ. ಅಡುಗೆಮನೆಯ ಹಿಂದಿನ ಬಾಗಿಲು ತೆರೆದಿತ್ತು. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಒಂದೇ ಲಯ, ಅವಸರ ಇಲ್ಲದ್ದು. ಒಳಗೆ ಹುಡುಗಿಯರ ದನಿ, ನಡುವೆ ಅವಳ ದನಿ: "ಉಂಗುರ ಕತ್ತರಸಬ್ಯಾಡ ಅಂತ ಎಷ್ಟು ಸಲ ಹೇಳಲಿ ನಿನಗ, ಮಬ್ಬಿ?" ಎಲ್ಲರೂ ನಕ್ಕರು. ಲ್ಯಾಬು ಕಸಿದುಕೊಂಡರೆ ಅಡುಗೆಮನೆಯನ್ನೇ ಲ್ಯಾಬು ಮಾಡಿಕೊಂಡಿದ್ದಾಳೆ. ಗೋಡೆಯ ಹೊರಗೆ ನಿಂತು ನಾನು ಅವಳ ಬಗ್ಗೆ ಪಟ್ಟ ಹೆಮ್ಮೆ, ನನ್ನ ಡಿಗ್ರಿ ಬಂದ ದಿನ ನನ್ನ ಬಗ್ಗೆಯೂ ಪಟ್ಟಿರಲಿಲ್ಲ. ಆದರೂ ಒಳಗೆ ಹೋಗಲಿಲ್ಲ. 'ಅಕಿ ನನ್ನ ಹುಡುಗಿ' — ಆ ಮಾತಿನ ಎದುರು ನಿಲ್ಲುವ ಧೈರ್ಯ ಬರಲಿಲ್ಲ. ತಿರುಗಿ ಬಸ್‌ಸ್ಟ್ಯಾಂಡಿಗೆ ಬಂದೆ. ಇದು ನನ್ನ ಎರಡನೆಯ ತಪ್ಪು, ಇದನ್ನೂ ಬರೆದಿಡುತ್ತಿದ್ದೇನೆ.

ಮರುವಾರ ನನ್ನ ತರಗತಿಯಲ್ಲಿ ಆ ಪಾಠ ಇರಲಿಲ್ಲ. ಆದರೂ ಸುರುಳಿ ಸುತ್ತಿದೆ. ಬಿಗಿಯಾಗಿ. ಇದು ನನ್ನದಲ್ಲ ಎಂದು ಶುರು ಮಾಡಿ, ಬೀಕರಿನಿಂದ ಬಾಗಿಲಿನವರೆಗೆ ಎಲ್ಲ ಹೇಳಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಮತ್ತ ಅವರಿಗೆ ಹೇಳೀರೇನ್ರಿ ಮೇಡಮ್?"

ಇಲ್ಲ ಅಂದೆ.

"ನಮಗ ಹೇಳಿದ್ರ ಏನಾತ್ರಿ ಮತ್ತ?"

ಅವಳು ಉದ್ಧಟತನದಿಂದ ಕೇಳಿದ್ದಲ್ಲ. ಸರಿಯಾದ ಜಾಗದಲ್ಲಿ ಕತ್ತರಿಸಿದ್ದಳು, ಅಷ್ಟೇ.

ಫಕ್ಕೀರಕ್ಕ, ಅದಕ್ಕೇ ಇದನ್ನು ಬರೆದಿದ್ದು. ಮಾತಿನಲ್ಲಿ ಹೇಳಲು ಬಂದರೆ ನೀನು, "ಇರಲಿ ಬಿಡವಾ, ರೊಟ್ಟಿ ತಿನ್ನು" ಎಂದು ಅರ್ಧಕ್ಕೇ ನಿಲ್ಲಿಸಿಬಿಡುತ್ತೀ, ನಾನೂ ಅಷ್ಟಕ್ಕೇ ನಿಂತುಬಿಡುತ್ತೇನೆ. ಬರೆದದ್ದನ್ನು ಅರ್ಧಕ್ಕೆ ನಿಲ್ಲಿಸಲಾಗದು. ನಿನ್ನ ಲ್ಯಾಬು ಹೋದದ್ದು ಡಿಗ್ರಿ ಇಲ್ಲದ್ದಕ್ಕೆ ಅಂತ ನೀನು ಅಂದುಕೊಂಡಿದ್ದರೆ, ಅದಷ್ಟೇ ಅಲ್ಲ. ನೀನೂ ಬಾಗಿಲಲ್ಲಿ ನಿಂತು ಕೇಳಿದ್ದೀ: ಅವತ್ತು ಸವಣೂರಿನಲ್ಲಿ ಪತ್ರ ಬರೆಯುತ್ತೇನೆ ಎಂದು ಒಬ್ಬರು ನಿಂತಿದ್ದರು. ನಿನ್ನ ಹೆಸರು ಕೇಳಿದರು. ನನಗೆ ಗೊತ್ತಿತ್ತು. ಹೇಳಲಿಲ್ಲ. ಆ ಪತ್ರದಿಂದ ಲ್ಯಾಬು ಉಳಿಯುತ್ತಿತ್ತೋ ಇಲ್ಲವೋ ಎಂದು ತೂಗಿ ನೋಡುವ ಹಕ್ಕು ನನಗಿಲ್ಲ.

ಬರುವ ರವಿವಾರ ಶಿಗ್ಗಾವಿಗೆ ಬರುತ್ತೇನೆ. ಹಿಂದಿನ ಬಾಗಿಲಿನಿಂದಲ್ಲ, ಆ ಹುಡುಗಿಯರೆಲ್ಲ ಕುಂತಿರುವಾಗ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಬೆರಳಿಟ್ಟು, ಒಂದೊಂದೇ ಸಾಲು ನಿಧಾನ ಓದುವವಳು. ಅದಕ್ಕೆ ಹೇಳಬೇಕಾದ್ದನ್ನು ಮೊದಲನೆಯ ಸಾಲಿನಲ್ಲೇ ಇಟ್ಟಿದ್ದೇನೆ, ಹುಡುಕುತ್ತಾ ಕೊನೆಯವರೆಗೆ ಬರುವ ಕಷ್ಟ ನಿನಗೆ ಬೇಡ. ನೀನು ಓದುವವರೆಗೆ ಎದುರಿಗೆ ಕುಂತಿರುತ್ತೇನೆ.

ನನಗೆ ಬಸ್ಸಿನ ಅವಸರ ಇಲ್ಲ.